ವೀರಗಲ್ಲಿನ ಮುಂದೆ ನಿಂತಾಗ ಯಾರ ಕತೆ ಹೇಳಬೇಕು?

ಬಯಲುದಾರಿ:

ವೀರಗಲ್ಲು ತೋರಿಸಲು ಜನರನ್ನು ಕರೆದುಕೊಂಡು ಹೋದಾಗ ನಾವೆಲ್ಲ ಮೊದಲು ಹೇಳುವುದು ರಾಜನ ಹೆಸರು. "ಇದು ಗಂಗರ ಕಾಲದ್ದು, ಶ್ರೀಪುರುಷ ಆಳುತ್ತಿದ್ದ." ಆಮೇಲೆ ಇಸವಿ. ಅಷ್ಟಾದರೆ ಮುಗಿಯಿತು, ಎಲ್ಲರೂ ಫೋಟೋ ತೆಗೆದುಕೊಂಡು ಮುಂದಿನ ಜಾಗಕ್ಕೆ ಹೊರಡುತ್ತಾರೆ. ಆದರೆ ಆ ಕಲ್ಲು ನಿಲ್ಲಿಸಿದ್ದು ರಾಜನಿಗಾಗಿ ಅಲ್ಲವಲ್ಲ. ಸತ್ತ ಒಬ್ಬ ಮನುಷ್ಯನಿಗಾಗಿ. ಅವನನ್ನು ಮರೆಯಬಾರದು ಅಂತ ಅವನ ಕಡೆಯವರು ನಿಲ್ಲಿಸಿದ್ದು.

ನಮ್ಮ ಬಡಾವಣೆಯ ಮಕ್ಕಳು, ಅವರ ಅಪ್ಪ ಅಮ್ಮ, ಒಂದಿಬ್ಬರು ಹಿರಿಯರು ಸೇರಿ ಬಿಡುವಾದಾಗ ಬೆಂಗಳೂರಿನ ಸುತ್ತಮುತ್ತ ಇಂಥ ಜಾಗಗಳಿಗೆ ಹೋಗುತ್ತೇವೆ. ಹೆಬ್ಬಾಳದ ಕಿತ್ತಯ್ಯನ ಕಲ್ಲು ನಿಮಗೆ ಗೊತ್ತಿರಬಹುದು. 2018ರಲ್ಲಿ ಚರಂಡಿ ಕೆಲಸ ನಡೆಯುವಾಗ ಬೆಳಕಿಗೆ ಬಂತು. ಆಸಕ್ತರು ಹೋಗಿ ಅದನ್ನು ಉಳಿಸಿಕೊಂಡರು. ಕಾಲ ಸುಮಾರು ಕ್ರಿ.ಶ. 750. ಈಗ ಅದಕ್ಕೊಂದು ಮಂಟಪವಿದೆ. ಊರಿನ ಮೇಲೆ ದಾಳಿ ಬಂದಾಗ ಹೋರಾಡಿ ಸತ್ತ ಕಿತ್ತಯ್ಯ ಅನ್ನುವವನ ಕಲ್ಲು ಅದು. ನಾನು ಗಮನಿಸಿದ್ದು ಏನೆಂದರೆ, ಮಕ್ಕಳಿಗೆ ಶ್ರೀಪುರುಷನ ಹೆಸರು ಮರೆತು ಹೋಗುತ್ತದೆ. ಕಿತ್ತಯ್ಯನ ಹೆಸರು ಮರೆಯುವುದಿಲ್ಲ. "ಕಿತ್ತಯ್ಯನಿಗೆ ಮಕ್ಕಳಿದ್ರಾ?" ಅಂತ ಕೇಳುತ್ತಾರೆ.

ಬೇಗೂರಿನಲ್ಲೂ ಹೀಗೇ. ಅಲ್ಲಿನ ನಾಗೇಶ್ವರ ಗುಡಿಯ ಶಾಸನದಲ್ಲಿ "ಬೆಂಗಳೂರು ಕಾಳಗ" ಅನ್ನುವ ಮಾತು ಬರುತ್ತದೆ, ಕಾಲ ಸುಮಾರು 890. ಬೆಂಗಳೂರು ಅನ್ನುವ ಹೆಸರು ಅಷ್ಟು ಹಳೆಯದು ಅಂತ ಎಲ್ಲರೂ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಅದು ಒಂದು ಸಾವಿನ ಸುದ್ದಿ. ಗಂಗರ ಅಧಿಕಾರಿ ನಾಗತ್ತರನ ಕಡೆಯವನು ಆ ಕಾಳಗದಲ್ಲಿ ಸತ್ತ ಅಂತ ಬರೆದಿರುವುದು. ನಾವು ಊರಿನ ಹೆಸರು ಎತ್ತಿಕೊಂಡು ಸತ್ತವನನ್ನು ಅಲ್ಲೇ ಬಿಟ್ಟು ಬರುತ್ತೇವೆ.

ನನ್ನ ಪ್ರಶ್ನೆ ಇಷ್ಟು. ನೀವು ಇಂಥ ಜಾಗಗಳಿಗೆ ಜನರನ್ನು ಕರೆದುಕೊಂಡು ಹೋದಾಗ ಕತೆ ಹೇಗೆ ಶುರು ಮಾಡುತ್ತೀರಿ? ಬರಹವೇ ಇಲ್ಲದ ಕಲ್ಲಾದರೆ ಏನು ಹೇಳುತ್ತೀರಿ? ಕಲ್ಲೂ ಇಲ್ಲದ ಊರಾದರೆ?

ಶಾಸನಪ್ರಿಯೆ:

ಒಳ್ಳೆಯ ಪ್ರಶ್ನೆ ಎತ್ತಿದ್ದೀರಿ ಸರ್. ನಾನು ಮಾಡುವುದು ಹೀಗೆ. ಕಲ್ಲಿನ ಕೆಳಗಿನ ಪಟ್ಟಿಕೆಯಿಂದ, ಅಂದರೆ ಚಿತ್ರ ಕೆತ್ತಿದ ಅಡ್ಡಸಾಲಿನಿಂದ, ಶುರು ಮಾಡುತ್ತೇನೆ. ಮೂರು ಪಟ್ಟಿಕೆ ಇರುವ ಕಲ್ಲುಗಳಲ್ಲಿ ಕೆಳಗಿನದರಲ್ಲಿ ಜಗಳ ಇರುತ್ತದೆ. ಕತ್ತಿ, ಬಿಲ್ಲು, ಕುದುರೆ, ಕೆಲವು ಕಡೆ ಓಡಿಸಿಕೊಂಡು ಹೋಗುತ್ತಿರುವ ದನಗಳು. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಮೇಲಕ್ಕೆ ಕರೆದುಕೊಂಡು ಹೋಗುತ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕೈ ಮುಗಿದು ಕೂತಿರುತ್ತಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಅವರು ಇರುವವರೆಗೆ ಇವನ ಹೆಸರೂ ಇರಲಿ ಅಂತ.

ಬರಹ ಇಲ್ಲದಿದ್ದರೂ ಕೆಳಗಿನ ಪಟ್ಟಿಕೆ ತುಂಬಾ ಹೇಳುತ್ತದೆ. ದನಗಳಿದ್ದರೆ ಅದು ತುರುಗೋಳ್, ಅಂದರೆ ಊರಿನ ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ನಡೆದ ಹೊಡೆದಾಟ. ದನ ಹೋದರೆ ಊರೇ ಹೋದ ಹಾಗೆ, ಆ ಕಾಲದಲ್ಲಿ. ಸತ್ತವನು ದೊಡ್ಡ ಸೈನ್ಯದ ಸಿಪಾಯಿ ಆಗಿರಬೇಕು ಅಂತೇನೂ ಇಲ್ಲ. ದನ ಕಾಯುವವನೋ, ಊರ ಗೌಡನ ಮಗನೋ ಆಗಿರಬಹುದು. ಹೆಂಗಸರನ್ನು ಎತ್ತಿಕೊಂಡು ಹೋಗಲು ಬಂದವರನ್ನು ತಡೆದು ಸತ್ತವರ ಕಲ್ಲುಗಳೂ ಇವೆ, ಅದಕ್ಕೆ ಪೆಣ್ಬುಯ್ಯಲ್ ಅನ್ನುತ್ತಾರೆ. ಹುಲಿಯ ಜೊತೆ, ಹಂದಿಯ ಜೊತೆ ಹೊಡೆದಾಡಿ ಸತ್ತವರ ಕಲ್ಲುಗಳೂ ಉಂಟು.

ಬರಹ ಇದ್ದರೆ ಹೋಗುವ ಮೊದಲೇ ಮನೆಯಲ್ಲಿ ಓದಿಕೊಂಡು ಹೋಗಿ. ಬಿ. ಎಲ್. ರೈಸ್ 1886ರಿಂದ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಗ್ರಹದ ಸಂಪುಟಗಳನ್ನು ತಂದರು. ಒಟ್ಟು 12 ಸಂಪುಟ, ಸುಮಾರು 9 ಸಾವಿರ ಶಾಸನ. ಬೆಂಗಳೂರಿನಲ್ಲೇ 1837ರಲ್ಲಿ ಹುಟ್ಟಿದವರು ಅವರು. ಬೆಂಗಳೂರು ಜಿಲ್ಲೆಯದು 9ನೇ ಸಂಪುಟ. ತಾಲ್ಲೂಕಿನ ಹೆಸರು ಹಿಡಿದು ಹುಡುಕಿದರೆ ನಿಮ್ಮ ಊರಿನ ಕಲ್ಲು ಅಲ್ಲಿ ಇರುವ ಸಾಧ್ಯತೆ ಜಾಸ್ತಿ. ಅವರ ಕಾಲದಲ್ಲಿ ಇದ್ದು ಈಗ ಕಾಣದ ಕಲ್ಲುಗಳೂ ಅದರಲ್ಲಿ ಸಿಗುತ್ತವೆ. ಆ ಜಾಗಕ್ಕೆ ಹೋಗಿ, ಪುಸ್ತಕದಲ್ಲಿರುವ ಸಾಲು ಗಟ್ಟಿಯಾಗಿ ಓದಿ. ಕಲ್ಲು ಹೋಗಿದ್ದರೂ ಹೆಸರು ಆ ಜಾಗದಲ್ಲಿ ಮತ್ತೆ ಕೇಳಿಸುತ್ತದೆ.

ಇನ್ನೊಂದು ಮಾತು, ದಯವಿಟ್ಟು ಕೇಳಿ. ಅಕ್ಷರ ಕಾಣಲಿ ಅಂತ ಸುಣ್ಣ, ಚಾಕ್, ಅರಿಶಿನ ಹಚ್ಚಬೇಡಿ. ತಂತಿ ಬ್ರಷ್ ಬೇಡವೇ ಬೇಡ. ಸಂಜೆಯ ಓರೆ ಬಿಸಿಲು ಸಾಕು. ಇಲ್ಲದಿದ್ದರೆ ಟಾರ್ಚನ್ನು ಕಲ್ಲಿನ ಪಕ್ಕದಿಂದ ಹಿಡಿಯಿರಿ, ಅಕ್ಷರದ ನೆರಳು ತಾನೇ ಎದ್ದು ಬರುತ್ತದೆ. ಮಕ್ಕಳಿಗೆ ಆ ಕ್ಷಣ ಬಹಳ ಇಷ್ಟ.

ಕೆರೆಏರಿ ಮೇಷ್ಟ್ರು:

ಶಾಸನಪ್ರಿಯೆ ಅವರು ಹೇಳಿದ್ದು ಸರಿ. ಆದರೆ ಪುಸ್ತಕ ಓದಿಕೊಂಡು ಹೋಗಿ ಊರಿನವರಿಗೆ ಪಾಠ ಹೇಳುವ ಪದ್ಧತಿ ನನಗೆ ಒಪ್ಪಿಗೆ ಇಲ್ಲ. ಮೊದಲು ಅವರ ಮಾತು ಕೇಳಬೇಕು.

ನಮ್ಮ ಕಡೆ ಎಷ್ಟೋ ವೀರಗಲ್ಲುಗಳಿಗೆ ಈಗ ದೇವರ ಹೆಸರಿದೆ. ವೀರಭದ್ರ ಅನ್ನುತ್ತಾರೆ, ಗಂಡ ಸತ್ತಾಗ ಬೆಂಕಿಗೆ ಬಿದ್ದ ಹೆಂಗಸಿನ ನೆನಪಿಗೆ ನಿಲ್ಲಿಸಿದ ಮಾಸ್ತಿಕಲ್ಲಿಗೆ ಮಾಸ್ತಮ್ಮ ಅನ್ನುತ್ತಾರೆ. ಹಬ್ಬಕ್ಕೆ ದೀಪ ಹಚ್ಚುತ್ತಾರೆ, ಎಣ್ಣೆ ಸುರಿಯುತ್ತಾರೆ. ಪಟ್ಟಣದಿಂದ ಬಂದವರು "ಇದು ದೇವರಲ್ಲ ಅಜ್ಜಿ, ಇದು ವೀರಗಲ್ಲು" ಅಂತ ಶುರು ಮಾಡುತ್ತಾರೆ. ಅಲ್ಲಿಗೆ ಆ ಅಜ್ಜಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಇವರ ನೂರಾರು ವರ್ಷದ ದೀಪ ಇಲ್ಲದೇ ಹೋಗಿದ್ದರೆ ಆ ಕಲ್ಲು ಎಂದೋ ಸೇತುವೆಗೋ ಪಾಯಕ್ಕೋ ಹೋಗಿರುತ್ತಿತ್ತು. ಕಾಪಾಡಿದವರು ಅವರೇ ಅಲ್ವಾ?

ನಾನು ಶಾಲೆಯಲ್ಲಿದ್ದಾಗ ಮಕ್ಕಳಿಗೆ ಹೇಳುತ್ತಿದ್ದುದು ಒಂದೇ. ನಿಮ್ಮ ಮನೆಯ ಹಿರಿಯರನ್ನು ಕಲ್ಲಿನ ಹತ್ತಿರ ಕರೆದುಕೊಂಡು ಬನ್ನಿ. ನಾನು ಸುಮ್ಮನೆ ನಿಂತಿರುತ್ತೇನೆ. ಅವರು ಹೇಳಲಿ. ಮನೆಯಲ್ಲಿ ಕೂರಿಸಿಕೊಂಡು ಕೇಳಿದರೆ "ಏನೋಪ್ಪ, ನೆನಪಿಲ್ಲ" ಅನ್ನುವವರು ಆ ಜಾಗಕ್ಕೆ ಬಂದರೆ ತಾವೇ ಮಾತು ಶುರು ಮಾಡುತ್ತಾರೆ. ಇಲ್ಲಿ ಹುಣಸೆ ಮರ ಇತ್ತು, ಅಲ್ಲಿ ನಮ್ಮತ್ತೆ ನೀರು ಸೇದುತ್ತಿದ್ದರು, ಈ ಕಲ್ಲಿನ ಹತ್ತಿರ ರಾತ್ರಿ ಹೋಗಬಾರದು ಅಂತಿದ್ದರು. ಕಾಲು ಆ ನೆಲ ಮುಟ್ಟಿದ ಮೇಲೆ ನೆನಪು ಬರುತ್ತದೆ. ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ.

ಶಾಸನಪ್ರಿಯೆ:

ಮೇಷ್ಟ್ರೇ, ಅಜ್ಜಿಯ ಮಾತಿಗೆ ನನ್ನ ವಿರೋಧವಿಲ್ಲ. ನನ್ನ ತಕರಾರು ಬೇರೆ. ಬಾಯಿಮಾತಿನ ಕತೆಯಲ್ಲಿ ಕೊನೆಗೆ ಉಳಿಯುವುದು ಒಬ್ಬ ದೊಡ್ಡ ವೀರ, ಒಬ್ಬ ದೊಡ್ಡ ರಾಜ. ಎಲ್ಲ ಕಲ್ಲೂ ಅವರದೇ ಆಗಿಬಿಡುತ್ತದೆ. ಕಲ್ಲಿನ ಮೇಲೆ ಸ್ಪಷ್ಟವಾಗಿ ಹೆಸರು ಬರೆಸಿಕೊಂಡ ಒಬ್ಬ ಸಾಮಾನ್ಯ ಮನುಷ್ಯ ಅಲ್ಲಿ ಕಳೆದುಹೋಗುತ್ತಾನೆ. ಅವನ ಪರವಾಗಿ ಮಾತಾಡುವವರು ಯಾರು? ಅಕ್ಷರ ಓದಬಲ್ಲವರೇ ಮಾತಾಡಬೇಕು.

ಕಲ್ಲು ಹೇಳಿದ್ದು ಇದು, ಊರು ಹೇಳುವುದು ಇದು ಅಂತ ಎರಡನ್ನೂ ಹೇಳಿ. ಬೆರೆಸಬೇಡಿ. ನನಗೆ ಅಷ್ಟೇ ಬೇಕು.

ಮಲಪ್ರಭೆ ದಂಡೆ:

ಇಬ್ಬರ ಮಾತೂ ಓದಿದೆ. ನಮ್ಮ ಕಡೆಯ ಒಂದು ಉದಾಹರಣೆ ಹೇಳುತ್ತೇನೆ ನೋಡ್ರಿ.

1857ರಲ್ಲಿ ಮುಧೋಳದ ಹತ್ತಿರದ ಹಲಗಲಿಯ ಬೇಡರು ಆಯುಧ ಒಪ್ಪಿಸುವುದಿಲ್ಲ ಅಂತ ನಿಂತರು. ಸರ್ಕಾರ ಆಯುಧ ಕಿತ್ತುಕೊಳ್ಳುವ ಕಾನೂನು ತಂದಿತ್ತು. ದಂಡು ಬಂತು, ಊರು ಸುಟ್ಟಿತು, ಸಿಕ್ಕವರನ್ನು ಗಲ್ಲಿಗೇರಿಸಿದರು. ಈ ಕತೆ ನಮ್ಮ ಕಡೆ ಲಾವಣಿಯಲ್ಲಿ ಉಳಿಯಿತು. ಹನುಮ, ಬಾಲ, ಜಡಗ, ರಾಮ. ಈ ಹೆಸರುಗಳನ್ನು ನಾವು ಕಲಿತದ್ದು ಪಠ್ಯಪುಸ್ತಕದಿಂದ ಅಲ್ಲ, ಹಾಡಿನಿಂದ. ಹೊಲ ಉಳುವವರ, ಬೇಟೆಯಾಡುವವರ ಹೆಸರು ಅವು.

ಆ ಲಾವಣಿಗಳನ್ನು ಬರೆದುಕೊಂಡು ಅಚ್ಚು ಹಾಕಿಸಿದವರು ಜೆ. ಎಫ್. ಫ್ಲೀಟ್. ಮುಂಬೈ ಪ್ರಾಂತ್ಯದ ಬ್ರಿಟಿಷ್ ಅಧಿಕಾರಿ. 1880ರ ದಶಕದಲ್ಲಿ ಇಂಡಿಯನ್ ಆಂಟಿಕ್ವರಿ ಅನ್ನುವ ಪತ್ರಿಕೆಯಲ್ಲಿ ಹಾಕಿಸಿದರು. ಸಂಗೊಳ್ಳಿ ರಾಯಣ್ಣನ ಲಾವಣಿಯೂ ಅದರಲ್ಲಿತ್ತು. ಇದೇ ಫ್ಲೀಟ್ ಕನ್ನಡ ಶಾಸನಗಳನ್ನು ಓದಿದ ದೊಡ್ಡ ವಿದ್ವಾಂಸರು. ಕಲ್ಲನ್ನೂ ಓದಿದರು, ಹಾಡನ್ನೂ ಕೇಳಿದರು. ನಾವು ಒಂದನ್ನೇ ಹಿಡಿದುಕೊಂಡು ಯಾಕೆ ಜಗಳ ಆಡಬೇಕು?

ನಂದಗಡಕ್ಕೆ ಹೋಗಿದ್ದೀರಾ? 1831ರಲ್ಲಿ ರಾಯಣ್ಣನನ್ನು ಗಲ್ಲಿಗೆ ಹಾಕಿದ ಊರು. ಅಲ್ಲಿನ ಆಲದ ಮರಕ್ಕೆ ಜನ ಹರಕೆಯ ತೊಟ್ಟಿಲು ಕಟ್ಟುತ್ತಾರೆ. ರಾಯಣ್ಣನಂಥ ಮಗ ಹುಟ್ಟಲಿ ಅಂತ. ಯಾವ ಗೈಡೂ ಬೇಕಾಗಿಲ್ಲ ಅಲ್ಲಿ. ತೊಟ್ಟಿಲು ಕಟ್ಟಲು ಬಂದ ತಾಯಿಯನ್ನು ಮಾತಾಡಿಸಿದರೆ ಸಾಕು, ಕತೆ ಸಿಗುತ್ತದೆ.

ಹಿನ್ನೀರು:

ನೀವೆಲ್ಲ ಕಲ್ಲಿನ ಬಗ್ಗೆ ಮಾತಾಡುತ್ತಿದ್ದೀರಿ. ಕಲ್ಲೂ ಇಲ್ಲದ ಊರಾದರೆ ಏನು ಮಾಡಬೇಕು ಅಂತ ಮೊದಲೇ ಕೇಳಿದ್ದಿರಲ್ಲ, ಅದಕ್ಕೆ ನಾನು ಬರೆಯುತ್ತೇನೆ. ಸ್ವಲ್ಪ ಉದ್ದ ಆಗಬಹುದು.

ನನ್ನ ಅಮ್ಮನ ಊರು ಲಿಂಗನಮಕ್ಕಿಯ ನೀರಿನಡಿ ಇದೆ. 1964ರಲ್ಲಿ ಅಣೆಕಟ್ಟು ಮುಗಿಯಿತು. ಅದಕ್ಕೂ ಮೊದಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಇತ್ತು, 1948ರದು. ಲಿಂಗನಮಕ್ಕಿ ತುಂಬಿದಾಗ ಆ ಅಣೆಕಟ್ಟೂ ಮುಳುಗಿತು. ಬೇಸಿಗೆಯಲ್ಲಿ ನೀರು ಚೆನ್ನಾಗಿ ಇಳಿದರೆ ಅದು ಮೇಲೆ ಬರುತ್ತದೆ, ಹೆಚ್ಚಾದ ನೀರನ್ನು ಹೊರಬಿಡುವ ಅದರ ಸೈಫನ್‌ಗಳು ಗಟ್ಟಿಯಾಗಿ ಹಾಗೇ ನಿಂತಿವೆ. ಅದನ್ನು ನೋಡಲು ಜನ ಬರುತ್ತಾರೆ. ಎಂಜಿನಿಯರಿಂಗ್ ಬಗ್ಗೆ ಮಾತಾಡುತ್ತಾರೆ. ಅದು ಮಾತಾಡುವಂಥದ್ದೇ. ಆದರೆ ಅದರ ಸುತ್ತ ಮನೆಗಳಿದ್ದವು, ಗದ್ದೆಗಳಿದ್ದವು, ಅಡಿಕೆ ತೋಟಗಳಿದ್ದವು. ಅಲ್ಲಿ ಇದ್ದವರ ಬಗ್ಗೆ ಯಾರೂ ಕೇಳುವುದಿಲ್ಲ.

ನಮ್ಮವರನ್ನು ಲಾರಿಗೆ ಹತ್ತಿಸಿ ಬೇರೆ ಕಡೆ ಬಿಟ್ಟರು. ಶಿವಮೊಗ್ಗ ಜಿಲ್ಲೆಯ ಕಾಡುಗಳಲ್ಲಿ ಹೊಸದಾಗಿ ನೆಲ ಹದ ಮಾಡಿಕೊಂಡರು. ಅದೇ ನೆಲದ ಹಕ್ಕುಪತ್ರಕ್ಕಾಗಿ ಮುಳುಗಡೆ ಸಂತ್ರಸ್ತರ ಎಷ್ಟೋ ಕುಟುಂಬಗಳು ಇವತ್ತಿಗೂ ಓಡಾಡುತ್ತಿವೆ. ನಾಡಿಗೆ ಬೆಳಕು ಕೊಡಲು ಹೋದ ಊರುಗಳು ಇವು.

ನಾವು ದೊಡ್ಡಮ್ಮನನ್ನು ಕರೆದುಕೊಂಡು ಹಿನ್ನೀರಿನ ದಡಕ್ಕೆ ಹೋಗಿದ್ದೆವು. ನಾನು ಮೊದಲು ಕೇಳಿದ್ದು ಊರಿನ ಬಗ್ಗೆ. ಅವರು ಹೆಚ್ಚು ಹೇಳಲಿಲ್ಲ. ಆಮೇಲೆ ನನ್ನ ಅಣ್ಣ ಒಂದು ನೋಟ್‌ಬುಕ್ ಕೊಟ್ಟು "ಮನೆ ಹೇಗಿತ್ತು, ಬರೆದು ತೋರಿಸಿ" ಅಂದ. ಅವರು ಬರೆಯಲು ಕೂತರು. ಜಗುಲಿ, ಒಳಗೆ ನಡುಮನೆ, ಹಿಂದೆ ಬಚ್ಚಲು, ಕೊಟ್ಟಿಗೆ, ಬಾವಿ. ಆಮೇಲೆ ಪಕ್ಕದ ಮನೆ ಯಾರದು. ಅದರಾಚೆ ಯಾರದು. ಗದ್ದೆಗಳಿಗೆಲ್ಲ ಹೆಸರಿದ್ದವು, ಒಂದೊಂದೇ ಹೇಳಿದರು. ಯಾವ ಬಾಣಂತಿಗೆ ಯಾರು ನೀರು ಕಾಯಿಸಿ ಕೊಟ್ಟರು, ಯಾರ ಮದುವೆಗೆ ಯಾರು ಚಪ್ಪರ ಹಾಕಿದರು, ಎಲ್ಲ ಬಂತು. ಕತ್ತಲಾಗುವವರೆಗೆ ಹೇಳಿದರು.

ಅದಕ್ಕೇ ನನ್ನ ಸಲಹೆ. ಹಿರಿಯರನ್ನು "ಹಳೆಯ ಕಾಲ ಹೇಗಿತ್ತು?" ಅಂತ ಕೇಳಬೇಡಿ. ಅಷ್ಟು ದೊಡ್ಡ ಪ್ರಶ್ನೆಗೆ ಯಾರಿಗೆ ಉತ್ತರ ಕೊಡಲು ಆಗುತ್ತದೆ? ಮನೆಯ ನಕ್ಷೆ ಬರೆಸಿ. ಬಾವಿಗೆ ಯಾವ ದಾರಿಯಲ್ಲಿ ಹೋಗುತ್ತಿದ್ದಿರಿ ಅಂತ ಕೇಳಿ. ಆ ದಾರಿಯಲ್ಲಿ ಅವರೇ ನಿಮ್ಮನ್ನು ಕರೆದುಕೊಂಡು ಹೋಗುತ್ತಾರೆ.

ಇನ್ನೊಂದು. ಸಿಗಂದೂರಿಗೆ ಹೋಗುವವರೆಲ್ಲ ಅಂಬಾರಗೋಡ್ಲಿನಲ್ಲಿ ಲಾಂಚ್ ಹತ್ತುತ್ತಿದ್ದರು. ಕಾಯಬೇಕಿತ್ತು, ಆಮೇಲೆ ನೀರಿನ ಮೇಲೆ ನಿಧಾನವಾಗಿ ಹೋಗಬೇಕಿತ್ತು. ದ್ವೀಪದಂತಾದ ಆ ಕಡೆಯ ಜನರಿಗೆ ಅದು ಬಹಳ ಕಷ್ಟದ ದಾರಿ. ರೋಗಿಯನ್ನು ಕರೆದೊಯ್ಯಲು ಕೂಡ ಲಾಂಚಿಗೆ ಕಾಯಬೇಕಿತ್ತು. 2025ರ ಜುಲೈನಲ್ಲಿ ಸೇತುವೆ ಆಯಿತು. ಅದು ಆಗಲೇಬೇಕಿತ್ತು, ನಮಗೆಲ್ಲ ಸಂತೋಷ. ಆದರೆ ಲಾಂಚಿನಲ್ಲಿ ಪಕ್ಕದಲ್ಲಿ ಕೂತ ಹಿರಿಯರು ಕೈ ತೋರಿಸಿ "ನಮ್ಮ ಮನೆ ಅಗೋ ಅಲ್ಲಿ ಕೆಳಗೆ" ಅನ್ನುತ್ತಿದ್ದರು. ಅಪರಿಚಿತರಿಗೂ ಹೇಳುತ್ತಿದ್ದರು. ಸೇತುವೆಯ ಮೇಲೆ ಕಾರಿನಲ್ಲಿ ಆ ಮಾತಿಗೆ ಹೊತ್ತು ಸಿಗುವುದಿಲ್ಲ. ಹಾಗಾಗಿ ಹೋಗುವಾಗ ದಡದಲ್ಲಿ ಒಂದಿಷ್ಟು ಹೊತ್ತು ನಿಲ್ಲಿ ಅಂತ ಕೇಳಿಕೊಳ್ಳುತ್ತೇನೆ.

ಬಯಲುದಾರಿ:

ಹಿನ್ನೀರು ಅವರೇ, ನಿಮ್ಮ ಬರಹ ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಕ್ಷೆ ಬರೆಸುವ ವಿಷಯ ನಮಗೆ ಹೊಳೆದೇ ಇರಲಿಲ್ಲ. ದೊಡ್ಡಮ್ಮನವರಿಗೆ ನಮ್ಮ ನಮಸ್ಕಾರ ತಿಳಿಸಿ.

ಹೇಮಾವತಿ ತೀರ:

ಶೆಟ್ಟಿಹಳ್ಳಿಯ ಇಗರ್ಜಿಯ ಬಗ್ಗೆ ಒಂದು ಮಾತು. ಹಾಸನದ ಹತ್ತಿರ, 1860ರ ಆಸುಪಾಸಿನಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನ ಹೇಮಾವತಿ ಅಣೆಕಟ್ಟು ಬಂದ ಮೇಲೆ ಮಳೆಗಾಲದಲ್ಲಿ ಬಹುಪಾಲು ಮುಳುಗುತ್ತದೆ, ಬೇಸಿಗೆಯಲ್ಲಿ ಮತ್ತೆ ಕಾಣುತ್ತದೆ. "ತೇಲುವ ಚರ್ಚ್" ಅಂತ ಈಗ ಎಲ್ಲರಿಗೂ ಗೊತ್ತು. ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುವವರೇ ಜಾಸ್ತಿ.

ಬರುವವರಿಗೆ ಒಂದೇ ಕೋರಿಕೆ. ಗೋಡೆ ಹತ್ತಬೇಡಿ. ಇಟ್ಟಿಗೆ, ಗಾರೆ ಪ್ರತಿ ವರ್ಷ ನೆನೆದು ಒಣಗಿ ಸಡಿಲವಾಗಿದೆ. ಅಲ್ಲಿ ಪೂಜೆ ನಡೆಯುತ್ತಿತ್ತು, ಜ್ಞಾನಸ್ನಾನ ನಡೆಯುತ್ತಿತ್ತು. ಆ ಊರಿನ ಜನರ ಮಕ್ಕಳು ಮೊಮ್ಮಕ್ಕಳು ಇನ್ನೂ ಇದ್ದಾರೆ. ಅವರನ್ನು ಹುಡುಕಿ ಮಾತಾಡಿಸಿದರೆ ಆ ಗೋಡೆ ಬೇರೆಯೇ ಕಾಣುತ್ತದೆ.

ಕನ್ನಂಬಾಡಿಯದೂ ಇದೇ ಕತೆ. ಕೆ.ಆರ್.ಎಸ್. ಕೆಲಸ 1911ರಲ್ಲಿ ಶುರುವಾಯಿತು, ಹಳೆಯ ಊರು ಮುಳುಗಿತು. ವೇಣುಗೋಪಾಲಸ್ವಾಮಿ ದೇವಸ್ಥಾನವನ್ನು ಈಗ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ದಾರೆ. ಬಹಳ ಒಳ್ಳೆಯ ಕೆಲಸ. ಅಲ್ಲಿಗೆ ಹೋದಾಗಲೂ ಊರಿನ ಮನೆತನಗಳು ಎಲ್ಲಿಗೆ ಹೋದವು ಅಂತ ಕೇಳಿಕೊಂಡು ಬನ್ನಿ.

ಮಲಪ್ರಭೆ ದಂಡೆ:

ಮುಳುಗಡೆಯ ಮಾತು ಬಂತಲ್ಲ, ಬಾಗಲಕೋಟೆಯನ್ನು ಬಿಟ್ಟು ಹೇಗೆ ಹೇಳುವುದು? ಆಲಮಟ್ಟಿಯ ನೀರು ಬಂದು ಹಳೆಯ ಊರಿನ ಎಷ್ಟೋ ಓಣಿಗಳು ಹೋದವು. ನವನಗರ ಬಂತು. ಓಣಿ ಬಿಟ್ಟು ಸೆಕ್ಟರ್ ನಂಬರಿಗೆ ಬಂದವರು ನಮ್ಮ ಸಂಬಂಧಿಕರು. ಹಳೆಯ ನೆರೆಹೊರೆಯವರು ಒಬ್ಬೊಬ್ಬರು ಒಂದೊಂದು ಕಡೆ.

ಆದರೆ ನಾನು ಹೇಳಬೇಕಾದದ್ದು ಹೆಳವರ ಬಗ್ಗೆ. ಇಲ್ಲಿ ಯಾರೂ ಅವರ ಹೆಸರು ಎತ್ತಲಿಲ್ಲ, ನನಗೆ ಆಶ್ಚರ್ಯ. ಹಿಂದಿನವರನ್ನು ನೆನಪಿಡುವುದೇ ಕಸುಬಾಗಿರುವ ಜನ ಅವರು. ಎತ್ತಿನ ಮೇಲೆ ಕೂತು ಗಂಟೆ ಸದ್ದು ಮಾಡುತ್ತ ಬರುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಬರುವುದು ರೂಢಿ. ನಮ್ಮ ಕಟ್ಟೆಯ ಮೇಲೆ ಕೂತು ಮನೆತನದ ಹೆಸರು ಹಿಡಿದು ಶುರು ಮಾಡಿದರೆ ಮುತ್ತಜ್ಜ, ಅವರ ಅಪ್ಪ, ಅವರ ಅಣ್ಣ ತಮ್ಮಂದಿರು, ಯಾವ ಊರಿನಿಂದ ಯಾವ ಊರಿಗೆ ಬಂದರು, ಯಾಕೆ ಬಂದರು, ಎಲ್ಲ ಹೇಳುತ್ತಾರೆ. ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ಸೇರಿಸಿಕೊಂಡು ಹೋಗುತ್ತಾರೆ. ಕಾಳು, ಹಣ, ಬಟ್ಟೆ ಕೊಟ್ಟು ಕಳಿಸುತ್ತೇವೆ. ಈಗ ಪುಸ್ತಕ ಇಟ್ಟುಕೊಂಡಿದ್ದಾರೆ. ಹಿಂದೆ ಬಾಯಿಪಾಠವೇ ಹೆಚ್ಚು.

ನಮ್ಮ ಮನೆಯ ಹೆಳವರು ನವನಗರಕ್ಕೂ ಹುಡುಕಿಕೊಂಡು ಬಂದರು. ಓಣಿ ಇಲ್ಲ, ಅಗಸಿ ಇಲ್ಲ, ಮನೆ ಇಲ್ಲ. ಆದರೂ ಕೇಳುತ್ತ ಕೇಳುತ್ತ ಬಂದು ಬಾಗಿಲಲ್ಲಿ ನಿಂತು ನಮ್ಮಜ್ಜನ ಹೆಸರು ಕೂಗಿದರು. ಅಪ್ಪನ ಕಣ್ಣಲ್ಲಿ ನೀರು ಬಂತು. ಮುಳುಗಿದ ಊರಿನ ಹೆಸರನ್ನು ಅವರು ಬಿಟ್ಟಿರಲಿಲ್ಲ, ವಂಶಾವಳಿಯಲ್ಲಿ ಹಾಗೇ ಹೇಳಿದರು.

ಈ ಓಡಾಟ ಮಾಡುವವರೆಲ್ಲ ನಿಮ್ಮ ಮನೆತನದ ಹೆಳವರು ಯಾರು ಅಂತ ಮನೆಯಲ್ಲಿ ಕೇಳಿ. ಉತ್ತರ ಕರ್ನಾಟಕದವರಾದರೆ ಗೊತ್ತಿರುವ ಸಾಧ್ಯತೆ ಇದೆ. ಆದರೆ ಒಂದು ಎಚ್ಚರಿಕೆ. ಆ ಪುಸ್ತಕ ಅವರ ಜೀವನೋಪಾಯ. ಕೇಳದೆ ಫೋಟೋ ತೆಗೆಯಬೇಡಿ, ಇಂಟರ್ನೆಟ್ಟಿಗೆ ಹಾಕಬೇಡಿ. ಹೇಳಿಸಿಕೊಂಡ ಮೇಲೆ ಮರ್ಯಾದೆಯಿಂದ ಕೊಟ್ಟು ಕಳಿಸಿ. ಪುಕ್ಕಟೆ ಮಾಹಿತಿ ಅಂತ ತಿಳಿಯಬಾರದು.

ಕೆರೆಏರಿ ಮೇಷ್ಟ್ರು:

ಹೆಳವರನ್ನು ನೆನಪಿಸಿದ್ದಕ್ಕೆ ಬಹಳ ಸಂತೋಷ. ಊರಿಂದ ಊರಿಗೆ ಓಡಾಡುವುದು, ಹಳಬರ ಕತೆ ಹೇಳುವುದು ಎರಡೂ ಅವರಲ್ಲಿ ಒಂದೇ ಕೆಲಸ. ನಾವು ಈಗ ಹೊಸದಾಗಿ ಮಾಡಲು ಹೊರಟಿರುವುದನ್ನು ಅವರು ತಲೆಮಾರುಗಳಿಂದ ಮಾಡುತ್ತ ಬಂದಿದ್ದಾರೆ.

ನಡುಮನೆ:

ಇಷ್ಟು ಹೊತ್ತು ಓದುತ್ತಿದ್ದೆ. ಒಂದು ವಿಷಯ ಕೇಳಲೇಬೇಕು. ಇಲ್ಲಿ ಹೆಂಗಸರ ಹೆಸರು ಎಷ್ಟು ಬಂತು? ವಂಶಾವಳಿಯಲ್ಲಿ ಅಪ್ಪ, ಅಜ್ಜ, ಮುತ್ತಜ್ಜ. ವೀರಗಲ್ಲಿನಲ್ಲಿ ಗಂಡಸರು. ಹೆಂಗಸಿಗೆ ಸಿಕ್ಕಿದ್ದು ಮಾಸ್ತಿಕಲ್ಲು. ಬಳೆ ತೊಟ್ಟ ಒಂದು ಕೈ ಮೇಲೆತ್ತಿದೆ, ಕೈಯಲ್ಲಿ ನಿಂಬೆಹಣ್ಣು. ಎಷ್ಟೋ ಕಲ್ಲುಗಳಲ್ಲಿ ಆ ಕೈ ಮಾತ್ರ ಇದೆ, ಮುಖವೂ ಇಲ್ಲ, ಹೆಸರೂ ಇಲ್ಲ.

ಮಕ್ಕಳನ್ನು ಅದರ ಮುಂದೆ ನಿಲ್ಲಿಸಿ ಏನು ಹೇಳುತ್ತೀರಿ? "ಪತಿವ್ರತೆ, ಮಹಾತ್ಯಾಗ" ಅಂತ ಹೇಳುವವರನ್ನು ಕೇಳಿದ್ದೇನೆ. ನನಗೆ ಹೊಟ್ಟೆ ಉರಿಯುತ್ತದೆ. ಹನ್ನೆರಡು ವರ್ಷದ ಹುಡುಗಿ ಅದನ್ನು ಕೇಳಿಸಿಕೊಂಡು ಏನು ತಿಳಿಯಬೇಕು?

ಶಾಸನಪ್ರಿಯೆ:

ನಡುಮನೆ ಅಕ್ಕ, ಇದನ್ನು ಕೇಳಿದ್ದಕ್ಕೆ ಧನ್ಯವಾದ. ನಾನು ಆಗ ಬೆಳತೂರಿನ ದೇಕಬ್ಬೆಯ ಕತೆ ಹೇಳುತ್ತೇನೆ. ಹೆಗ್ಗಡದೇವನಕೋಟೆ ತಾಲ್ಲೂಕು, 1057ರ ಶಾಸನ. ಅವಳ ಗಂಡ ಏಚನನ್ನು ಚೋಳ ರಾಜನ ಆಜ್ಞೆಯಂತೆ ಕೊಂದರು. ಸುದ್ದಿ ಬಂದ ಮೇಲೆ ದೇಕಬ್ಬೆ ಬೆಂಕಿಗೆ ಬೀಳಲು ಹೊರಟಳು. ಅಪ್ಪ ಅಮ್ಮ ಬೇಡ ಬೇಡ ಅಂತ ತಡೆದರು, ಬೇಡಿಕೊಂಡರು. ಆ ಬೇಡಿಕೆ ಶಾಸನದಲ್ಲೇ ಬರುತ್ತದೆ. ಅಂದರೆ ಆ ಕಾಲದಲ್ಲೂ ಹೆತ್ತವರಿಗೆ ಅದು ಸಂಕಟವೇ. ನಾನು ಮಕ್ಕಳಿಗೆ ಆ ಅಪ್ಪ ಅಮ್ಮನ ಕಡೆಯಿಂದ ಕತೆ ಹೇಳುತ್ತೇನೆ. ತ್ಯಾಗ ಅನ್ನುವ ಮಾತು ಬಳಸುವುದಿಲ್ಲ. ಒಬ್ಬ ಹೆಣ್ಣುಮಗಳು ಸತ್ತಳು, ಅವಳ ಹೆಸರು ದೇಕಬ್ಬೆ, ಹೆತ್ತವರು ತಡೆಯಲು ನೋಡಿದರು. ಇಷ್ಟೇ.

ಜೊತೆಗೆ ಜಕ್ಕಿಯಬ್ಬೆಯನ್ನೂ ಹೇಳಬೇಕು. 10ನೇ ಶತಮಾನದ ಮೊದಲ ಭಾಗ, ಬನವಾಸಿ ಕಡೆಯ ನಾಗರಖಂಡ ಎಪ್ಪತ್ತು, ಅಂದರೆ ಎಪ್ಪತ್ತು ಊರುಗಳ ನಾಡು. ಗಂಡ ಸತ್ತ ಮೇಲೆ ನಾಳ್ಗಾವುಂಡನ, ಅಂದರೆ ನಾಡಿನ ಮುಖ್ಯಸ್ಥನ, ಅಧಿಕಾರ ಅವಳಿಗೆ ಬಂತು. ನಾಡನ್ನು ಚೆನ್ನಾಗಿ ಆಳಿದಳು ಅಂತ ಶಾಸನ ಹೊಗಳುತ್ತದೆ. ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ ಬಂದಣಿಕೆಗೆ ಹೋಗಿ ಜೈನರ ಪದ್ಧತಿಯಂತೆ ವ್ರತ ಹಿಡಿದು ದೇಹ ಬಿಟ್ಟಳು. ಗಂಡ ಸತ್ತ ಹೆಣ್ಣಿಗೆ ಬೆಂಕಿ ಒಂದೇ ದಾರಿ ಆಗಿರಲಿಲ್ಲ ಅಂತ ಮಕ್ಕಳಿಗೆ ಗೊತ್ತಾಗಬೇಕು. ಮಾಸ್ತಿಕಲ್ಲು ತೋರಿಸಿದ ದಿನವೇ ಈ ಕತೆಯನ್ನೂ ಹೇಳಿ.

ನಡುಮನೆ:

ಜಕ್ಕಿಯಬ್ಬೆಯ ವಿಷಯ ನನಗೆ ಗೊತ್ತಿರಲಿಲ್ಲ. ಬಂದಣಿಕೆಗೆ ಈ ಸಲ ರಜೆಯಲ್ಲಿ ಮಗಳನ್ನು ಕರೆದುಕೊಂಡು ಹೋಗುತ್ತೇನೆ.

ನಾವು ಮನೆಯಲ್ಲಿ ಒಂದು ಕೆಲಸ ಶುರು ಮಾಡಿದ್ದೇವೆ. ವಂಶವೃಕ್ಷ ಬರೆಯುವಾಗ ಅಮ್ಮ, ಅಮ್ಮನ ಅಮ್ಮ, ಅವರ ಅಮ್ಮ ಅಂತ ಹೋಗುವುದು. ಅವರು ಹುಟ್ಟಿದ ಊರು, ಕೊಟ್ಟ ಊರು. ಹೆಂಗಸರು ಮದುವೆಯಾಗಿ ಊರು ಬಿಟ್ಟು ಬಂದವರು, ಹಾಗಾಗಿ ಒಬ್ಬೊಬ್ಬರ ಜೊತೆ ಒಂದೊಂದು ಹೊಸ ಊರು ಬರುತ್ತದೆ. ಆ ಊರುಗಳಿಗೆ ಹೋಗುತ್ತಿದ್ದೇವೆ. ಅಜ್ಜಿಯ ತವರಿನಲ್ಲಿ ಅವರ ಹೆಸರು ಹೇಳಿ ಕೇಳಿದಾಗ ಒಬ್ಬ ಮುದುಕರು "ಓ, ಅವಳ ಮೊಮ್ಮಗಳಾ ನೀನು? ಬಾ ಒಳಗೆ" ಅಂದರು. ಅಜ್ಜಿ ಚಿಕ್ಕವಳಿದ್ದಾಗ ಎಷ್ಟು ಚೆನ್ನಾಗಿ ಹಾಡುತ್ತಿದ್ದರು ಅಂತ ಅವರಿಂದ ಗೊತ್ತಾಯಿತು. ನಮ್ಮ ಮನೆಯಲ್ಲಿ ಅವರು ಹಾಡಿದ್ದನ್ನು ನಾವು ಯಾರೂ ಕೇಳಿಲ್ಲ.

ಬಯಲುದಾರಿ:

ಎಲ್ಲರ ಮಾತೂ ಬರೆದಿಟ್ಟುಕೊಂಡಿದ್ದೇನೆ. ನಮ್ಮ ಮುಂದಿನ ತಿರುಗಾಟ ಆತಕೂರಿಗೆ. ಮದ್ದೂರು ತಾಲ್ಲೂಕು. ಅಲ್ಲಿನ ಪ್ರಸಿದ್ಧ ಕಲ್ಲು ಈಗ ಊರಿನಲ್ಲಿ ಇಲ್ಲ, ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ. ನಾಗತ್ತರನ ದೊಡ್ಡ ವೀರಗಲ್ಲು ಕೂಡ ಬೇಗೂರಿನಿಂದ ಅಲ್ಲಿಗೇ ಹೋಗಿದೆ. ಹಾಗಾದರೆ ಕತೆಯನ್ನು ಎಲ್ಲಿ ಹೇಳಬೇಕು? ಕಲ್ಲು ಇರುವ ಕಡೆಯೋ, ಕತೆ ನಡೆದ ಕಡೆಯೋ?

ಶಾಸನಪ್ರಿಯೆ:

ಮೊದಲು ಸಂಗ್ರಹಾಲಯದಲ್ಲಿ ಕಲ್ಲು ನೋಡಿ, ಆಮೇಲೆ ಆತಕೂರಿಗೆ ಹೋಗಿ ಕತೆ ಹೇಳಿ. ಕತೆ ಊರಿನಲ್ಲೇ ಹೇಳಬೇಕು.

949-50ರ ಸುಮಾರಿನ ಕಲ್ಲು ಅದು. ತಕ್ಕೋಲದಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ದೊಡ್ಡ ಯುದ್ಧ ಆಯಿತು. ರಾಷ್ಟ್ರಕೂಟರ ಪರ ನಿಂತ ಗಂಗ ರಾಜ ಬೂತುಗನ ಕಡೆ ಮಣಲೇರ ಅನ್ನುವವನು ಬಹಳ ಚೆನ್ನಾಗಿ ಹೋರಾಡಿದ. ಬೂತುಗ ಮೆಚ್ಚಿ ಏನು ಬೇಕು ಕೇಳು ಅಂದ. ಮಣಲೇರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಅನ್ನುವ ನಾಯಿಯನ್ನು ಕೊಡಿ ಅಂದ. ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಹೊಡೆದಾಡಿ ಸತ್ತವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ಪೂಜಾರಿಗೆ ಪಾಪ ಬರುತ್ತದೆ ಅಂತಲೂ ಬರೆಸಿದ್ದಾರೆ.

ದೊಡ್ಡ ರಾಜರು, ದೊಡ್ಡ ಯುದ್ಧ ಎಲ್ಲ ಆ ಕಲ್ಲಿನಲ್ಲಿದೆ. ಮಕ್ಕಳು ಕೇಳುವುದು ಕಾಳಿಯ ಬಗ್ಗೆ. ಕಾಳಿಯಿಂದಲೇ ಶುರು ಮಾಡಿ. ಮಣಲೇರ ಯಾಕೆ ಅಷ್ಟು ಅತ್ತನೋ ಅನ್ನುವಂಥದ್ದನ್ನು ಮಾತ್ರ ಸೇರಿಸಬೇಡಿ. ಅವನು ಅತ್ತ ಅಂತ ಕಲ್ಲು ಹೇಳುವುದಿಲ್ಲ. ನಾಯಿಗೆ ಕಲ್ಲು ನಿಲ್ಲಿಸಿದ ಅಂತ ಹೇಳುತ್ತದೆ, ಅಷ್ಟು ಸಾಕು.

ಕೆರೆಏರಿ ಮೇಷ್ಟ್ರು:

ಒಪ್ಪಿದೆ. ಆತಕೂರಿನಲ್ಲಿ ಕತೆ ಹೇಳುವಾಗ ಅಲ್ಲಿನ ಶಾಲೆಯ ಮಕ್ಕಳನ್ನೂ ಕರೆಯಿರಿ. ಅವರ ಊರಿನ ಕಲ್ಲು ಅದು. ಆಮೇಲೆ ಊರಿನವರಿಗೆ ಈ ನಾಯಿಯ ಬಗ್ಗೆ ಬೇರೆ ಕತೆ ಗೊತ್ತಿದೆಯಾ ಕೇಳಿ. ಧ್ವನಿ ಮುದ್ರಣ ಮಾಡುವುದಾದರೆ ಶುರುವಿನಲ್ಲೇ ತಾರೀಕು, ಊರು, ಹೇಳುವವರ ಹೆಸರು, ಅವರ ಒಪ್ಪಿಗೆ ಇದೆ ಅನ್ನುವುದನ್ನು ಅವರ ಬಾಯಲ್ಲೇ ಹೇಳಿಸಿ. ಮೊಬೈಲ್ ಬದಲಾಯಿಸಿದಾಗ ಕಳೆದುಹೋಗುವುದು ಇಂಥವೇ. ಒಂದು ಪ್ರತಿ ಹೇಳಿದವರ ಮನೆಗೆ ಕೊಡಿ, ಒಂದು ಊರಿನ ಗ್ರಂಥಾಲಯಕ್ಕೆ ಅಥವಾ ಶಾಲೆಗೆ ಕೊಡಿ.

ಹಿನ್ನೀರು:

ದೊಡ್ಡಮ್ಮನಿಗೆ ನಿಮ್ಮ ನಮಸ್ಕಾರ ತಿಳಿಸಿದೆ. ನಕ್ಷೆಯಲ್ಲಿ ಎರಡು ಮನೆ ಬಿಟ್ಟುಹೋಗಿದೆ ಅಂತ ಈಗ ಹೇಳುತ್ತಿದ್ದಾರೆ. ಆ ಮನೆಯವರ ಮಗ ಸಾಗರದಲ್ಲಿ ಇದ್ದಾರಂತೆ. ಬೇಸಿಗೆಯಲ್ಲಿ ನೀರು ಇಳಿದಾಗ ಅವರನ್ನೂ ಕರೆದುಕೊಂಡು ಮಡೆನೂರಿನ ಕಡೆ ಹೋಗುವುದು ಅಂತ ಮಾತಾಗಿದೆ. ಹೂಳಿನಲ್ಲಿ ಇಳಿಯುವುದು ಅಪಾಯ, ಹಾಗಾಗಿ ದಾರಿ ಗೊತ್ತಿರುವ ಸ್ಥಳೀಯರ ಜೊತೆಗೇ ಹೋಗುತ್ತೇವೆ. ಆ ಕಡೆ ಮುಳುಗಿದ ಊರಿನವರು ಇಲ್ಲಿ ಯಾರಾದರೂ ಇದ್ದರೆ ನಿಮ್ಮ ಹಿರಿಯರ ಹೆಸರು, ಮನೆಯ ಹೆಸರು ನನಗೆ ಸಂದೇಶದಲ್ಲಿ ಕಳಿಸಿ. ನಕ್ಷೆಯಲ್ಲಿ ಸೇರಿಸಬೇಕು.